ಯಾಕೆ ಹೊಡೆದ? ಅನಿಮೆ ನೋಟ್‌ಬುಕ್, ಆರನೇ ವಾರ

ಈ ವಾರ ಒಂಬತ್ತು ಪುಟ ತುಂಬಿದವು. ಮೊದಲ ಸಲ ಓದುವವರಿಗೆ: ಭಾರಿ ಬಲಶಾಲಿಗಳಿರುವ ಅನಿಮೆಗಳನ್ನು (ಜಪಾನಿನ ಕಾರ್ಟೂನ್ ಸರಣಿಗಳು) ಮತ್ತೆ ನೋಡುತ್ತಾ, ಪ್ರತಿ ಹೊಡೆದಾಟ ಮುಗಿದಾಗ ‘ಯಾಕೆ ಹೊಡೆದ’ ಅಂತ ಒಂದು ಸಾಲು ಬರೆದಿಡುತ್ತಿದ್ದೇನೆ. ಶುರುವಿನಲ್ಲಿ ಮೂರೇ ಕಾಲಂ ಹಾಕಿದ್ದೆ. ಕಾಪಾಡಲು, ಗೆಲ್ಲಲು, ಸೇಡಿಗೆ.

ಡ್ರ್ಯಾಗನ್ ಬಾಲ್ ಸರಣಿಯ ನಾಯಕ ಗೊಕು ಮೂರರಲ್ಲೂ ಸರಿಯಾಗಿ ಕೂರಲಿಲ್ಲ.

ಡ್ರ್ಯಾಗನ್ ಬಾಲ್ ಝಡ್‌ನಲ್ಲಿ ಸೋತ ವೆಜಿಟಾ ತೆವಳಿಕೊಂಡು ತನ್ನ ನೌಕೆ ಕಡೆ ಹೋಗುತ್ತಾನೆ, ಗೊಕುವಿನ ಗೆಳೆಯ ಕ್ರಿಲಿನ್ ಅವನನ್ನು ಕೊಲ್ಲಲು ಕತ್ತಿ ಹಿಡಿದು ನಿಂತಿದ್ದಾನೆ, ಆಗ ಗೊಕು ‘ಬಿಟ್ಟುಬಿಡು’ ಅಂತ ಬೇಡಿಕೊಳ್ಳುತ್ತಾನೆ. ಕರುಣೆ ಒಂದೇ ಅಲ್ಲ. ಇಂಥ ಎದುರಾಳಿ ಜೊತೆ ಇನ್ನೊಮ್ಮೆ ಸೆಣಸಬೇಕು ಅನ್ನುವ ಆಸೆ! ಮುಂದೆ ಸೆಲ್ ಅನ್ನುವ ಖಳನ ಜೊತೆಗಿನ ಕಾಳಗದಲ್ಲಿ ಸುಸ್ತಾದ ಸೆಲ್‌ಗೆ ತಾನೇ ಸೆನ್ಜು ಕಾಳು ಎಸೆದು ಚೇತರಿಸಿಕೊಳ್ಳಲು ಬಿಟ್ಟು, ಆಮೇಲೆ ಮಗ ಗೊಹಾನ್‌ನನ್ನು ಮುಂದೆ ಕಳಿಸುತ್ತಾನೆ. ಚಿಕ್ಕವನಿದ್ದಾಗ ಇದಕ್ಕೆ ಚಪ್ಪಾಳೆ ಹೊಡೆದಿದ್ದೆ, ಈ ಸಲ ಸಿಟ್ಟು ಬಂತು. ಆ ಹುಡುಗನಿಗೆ ನಿನ್ನಂತೆ ಹೊಡೆದಾಟ ಇಷ್ಟವಿಲ್ಲ ಅಂತ ಗೊಹಾನ್ ಗುರು ಪಿಕೊಲೊ ಗೊಕುಗೆ ಬೈದಾಗ ಮನಸ್ಸಿಗೆ ಸ್ವಲ್ಪ ಸಮಾಧಾನವಾಯ್ತು. ತನಗೆ ಖುಷಿ ಕೊಡುವುದು ಮಗನಿಗೂ ಖುಷಿ ಕೊಡುತ್ತೆ ಅಂತ ಗೊಕು ಅಂದುಕೊಂಡಿದ್ದ, ಅಲ್ವಾ?

ಹಾಗಾಗಿ ನಾಲ್ಕನೇ ಕಾಲಂ ಸೇರಿಸಿದೆ: ‘ಹೊಡೆಯದೆ ಬಿಟ್ಟಿದ್ದು ಯಾವಾಗ’. ಅಲ್ಲಿಂದ ಕೆಲಸ ರುಚಿಸತೊಡಗಿತು.

ವನ್ ಪಂಚ್ ಮ್ಯಾನ್‌ನ ಸೈತಾಮಾ, ಮಾಬ್ ಸೈಕೋ 100ರ ಮಾಬ್, ಇಬ್ಬರನ್ನೂ ಸೃಷ್ಟಿಸಿದ್ದು ವನ್ ಅನ್ನುವ ಹೆಸರಲ್ಲಿ ಬರೆಯುವ ಒಬ್ಬರೇ ಲೇಖಕರು. ಸೈತಾಮಾ ದಿನಕ್ಕೆ 100 ಪುಷ್‌ಅಪ್, 100 ಸಿಟ್‌ಅಪ್, 100 ಸ್ಕ್ವಾಟ್, 10 ಕಿ.ಮೀ. ಓಟ ಅಂತ ಮೂರು ವರ್ಷ ಬೆವರು ಸುರಿಸಿದ. ಹೀರೋ ಆಗಿದ್ದು ಅವನಿಗೊಂದು ಹವ್ಯಾಸ. ಈಗ ಒಂದೇ ಏಟಿಗೆ ಎಲ್ಲಾ ಮುಗಿದುಹೋಗುತ್ತೆ, ಎದೆ ಡವಗುಟ್ಟುವುದೇ ನಿಂತಿದೆ. ಆದರೂ ಯಾರಾದರೂ ಕಷ್ಟದಲ್ಲಿದ್ದರೆ ಹೋಗುತ್ತಾನೆ. ಮಾಬ್‌ಗೆ ಬಲ ಹುಟ್ಟಿನಿಂದಲೇ ಬಂದಿದ್ದು. ಚಿಕ್ಕಂದಿನಲ್ಲಿ ಒಮ್ಮೆ ಹಿಡಿತ ತಪ್ಪಿ ತಮ್ಮ ರಿತ್ಸುಗೂ ಗಾಯವಾಗಿತ್ತು. ಅಂದಿನಿಂದ ಆ ಶಕ್ತಿಗೆ ಹೆದರಿ ಭಾವನೆಗಳನ್ನೇ ಅದುಮಿಟ್ಟುಕೊಂಡಿದ್ದಾನೆ. ಮನುಷ್ಯರ ಮೇಲೆ ಅದನ್ನು ಬಳಸಬಾರದು ಅನ್ನುವ ಗುರು ರೇಗೆನ್‌ನ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಾನೆ. ಕಟ್ಟಡಗಳನ್ನೇ ಎತ್ತಬಲ್ಲ ಹುಡುಗ ಶಾಲೆಯಲ್ಲಿ ದೇಹ ಬೆಳೆಸುವ ಕ್ಲಬ್ ಸೇರಿ ಓಡುತ್ತಾ ಉಸಿರುಗಟ್ಟಿ ಬೀಳುತ್ತಾನಲ್ಲ, ಅದು ನನಗೆ ಯಾವ ಕಾಳಗಕ್ಕಿಂತ ಜಾಸ್ತಿ ಇಷ್ಟ.

ಮಾಬ್‌ನ ನಾಲ್ಕನೇ ಕಾಲಂ ಎರಡು ಪುಟ ಆಗಿದೆ. ಸೈತಾಮಾದು ಇನ್ನೂ ಅರ್ಧ.

ಮುಂದಿನ ವಾರ ರುರೌನಿ ಕೆನ್ಶಿನ್ ಅನಿಮೆಯ ನಾಯಕ ಕೆನ್ಶಿನ್. ಕೊಲ್ಲುವುದಿಲ್ಲ ಅಂತ ಶಪಥ ಮಾಡಿ, ಅಲಗು ತಿರುವುಮುರುವಾದ ಕತ್ತಿ ಹಿಡಿದು ಅಲೆಯುವವನು. ಅವನಿಗೆ ಐದನೇ ಕಾಲಂ ಬೇಕಾಗಬಹುದು, ಪುಟಕ್ಕೆ ಗೆರೆ ಹಾಕಿ ಇಟ್ಟಿದ್ದೇನೆ.