ಈ ಡಿಸೈನ್ ಎಲ್ಲಿ ಸಿಕ್ಕಿತು? ದುಡ್ಡು ಕೊಟ್ಟಿರಾ?

ಬೆಳಗಾವಿಯ ಚಳಿ ಹೇಳಿಕೊಳ್ಳುವಂಥ ಚಳಿಯೇನಲ್ಲ. ಆದರೂ ದೀಪಾವಳಿ ದಾಟಿತೆಂದರೆ ಟಿಳಕವಾಡಿಯಲ್ಲಿ ಬೆಳಗಿನ ನಡಿಗೆಗೆ ಹೊರಟವರ ಕಿವಿಗೆ ಮಫ್ಲರ್ ಏರುತ್ತದೆ, ನನ್ನ ಬೆನ್ನಿಗೆ ಪ್ರಶ್ನೆಗಳು ಬೀಳುತ್ತವೆ. ನಾನೇ ಹೆಣೆದು ತೊಟ್ಟ ಸ್ವೆಟರ್ ನೋಡಿ ಮೊದಲ ಪ್ರಶ್ನೆ: "ಈ ಡಿಸೈನ್ ಎಲ್ಲಿ ಸಿಕ್ಕಿತು ವೈನಿ?" ಹೆಣೆಯುವ ಕ್ರಮ ಬರೆದ ಪ್ಯಾಟರ್ನನ್ನು ಅಂತರ್ಜಾಲದಲ್ಲಿ ಒಬ್ಬ ವಿನ್ಯಾಸಕಿಯಿಂದ ಕೊಂಡೆ ಎಂದರೆ ಎರಡನೆಯದು: "ಬರಿಯ ಕಾಗದಕ್ಕೆ ದುಡ್ಡು ಕೊಟ್ಟಿರಾ?" ಮೂರನೆಯದು ಪ್ರಶ್ನೆಯಲ್ಲ, ಅಪ್ಪಣೆ: "ಹಾಗಾದರೆ ಅದರ ಪಿಡಿಎಫ್ ನನಗೂ ಕಳಿಸಿಬಿಡಿ."

ನಿಂತ ನಿಲುವಿನಲ್ಲಿ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಮೂರಕ್ಕೂ ಸೇರಿಸಿ ಇಲ್ಲಿ ಬರೆದಿಡುತ್ತೇನೆ.

ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ, ಏಕೆಂದರೆ ನಾನೂ ಅದೇ ಮಣ್ಣಿನವಳು. ತವರು ಗುಳೇದಗುಡ್ಡ, ಮಗ್ಗಗಳ ಊರು. ಅಲ್ಲಿ ಖಣದ, ಅಂದರೆ ಕುಪ್ಪಸದ ಬಟ್ಟೆಯ, ಮೇಲಿನ ಬುಟ್ಟಾ ಆಗಲಿ, ಇಳಕಲ್ ಸೀರೆಯ ಮೇಲೆ ಹಾಕುವ ಕಸೂತಿಯ ಗೋಪುರ, ತುಳಸಿಕಟ್ಟೆ, ಆನೆ ಅಂಬಾರಿಗಳಾಗಲಿ ಯಾರ ಹೆಸರಿನಲ್ಲೂ ಇಲ್ಲ. ಅವ್ವ ಮದುವೆಮನೆಯಲ್ಲಿ ಪಕ್ಕದ ಪಂಕ್ತಿಯವರ ಸೆರಗನ್ನು ಓರೆಗಣ್ಣಿನಿಂದ ನೋಡಿ, ಮನಸ್ಸಿನಲ್ಲೇ ಎಳೆ ಎಣಿಸಿಕೊಂಡು, ಮನೆಗೆ ಬಂದು ಗವಂತಿ, ಮುರಗಿ ಹೊಲಿಗೆ ಹಾಕಿ ಮುಗಿಸುತ್ತಿದ್ದಳು. ಅದಕ್ಕೆ ಯಾರೂ ಕಳವು ಎನ್ನಲಿಲ್ಲ. ಹೆಣಿಗೆಯಲ್ಲೂ ಅಷ್ಟೇ. ಜಡೆ, ಜಾಳಿಗೆ, ಎಲೆ, ಹರಳು ಇವುಗಳಿಗೆಲ್ಲ ಒಡೆಯರಿಲ್ಲ. ಎಲಿಜಬೆತ್ ಝಿಮ್ಮರ್‌ಮನ್ ಎಂಬ ದೊಡ್ಡ ಹೆಣಿಗೆಗಾರ್ತಿ, ತಾನು ಏನನ್ನಾದರೂ ಹೊಸದಾಗಿ ಕಂಡುಹಿಡಿದೆ ಎನ್ನಲು ಒಪ್ಪುತ್ತಲೇ ಇರಲಿಲ್ಲ. ಎಂದೋ ಎಲ್ಲೋ ಯಾರೋ ಇದನ್ನು ಮಾಡಿಯೇ ಇರುತ್ತಾರೆ ಎಂದು ಆಕೆಯ ನಂಬಿಕೆ. ಅವ್ವನೂ ಅದನ್ನೇ ಹೇಳುತ್ತಾಳೆ, ಇಬ್ಬರಿಗೂ ಪರಿಚಯವಿಲ್ಲ ಅಷ್ಟೇ.

ಹಾಗಾದರೆ ದುಡ್ಡು ಯಾತಕ್ಕೆ? ಲೆಕ್ಕಕ್ಕೆ.

ನಾನು ಸಹಕಾರಿ ಪತ್ತಿನ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು, ಆರುನೂರು ರೂಪಾಯಿಯನ್ನು ಸುಮ್ಮನೆ ಕೈಬಿಡುವವಳಲ್ಲ. ಸೀರೆ ತೆಳ್ಳಗಿನವರಿಗೂ ದಪ್ಪನೆಯವರಿಗೂ ಒಂದೇ ಅಳತೆ. ಸ್ವೆಟರ್ ಹಾಗಲ್ಲ. 80 ಸೆಂಟಿಮೀಟರ್ ಎದೆಯವರಿಗೂ 120 ಸೆಂಟಿಮೀಟರ್ ಎದೆಯವರಿಗೂ ಒಂದೇ ವಿನ್ಯಾಸ ಹೊಂದಬೇಕಾದರೆ ಎಲ್ಲವನ್ನೂ ಒಂದೂವರೆ ಪಟ್ಟು ಮಾಡಿದರೆ ನಡೆಯುವುದಿಲ್ಲ, ಏಕೆಂದರೆ ಎದೆ ಬೆಳೆದಷ್ಟು ಕುತ್ತಿಗೆ ಬೆಳೆಯುವುದಿಲ್ಲ, ಭುಜವಂತೂ ಇನ್ನೂ ಕಡಿಮೆ. ಕಂಕುಳಿನ ಆಳ ಬೇರೆ, ತೋಳಿನ ಇಳಿಜಾರು ಬೇರೆ. ಒಂದೊಂದು ಅಳತೆಗೂ ಎಲ್ಲಿ ಎಷ್ಟು ಕುಣಿಕೆ ಏರಿಸಬೇಕು, ಎಷ್ಟು ಸಾಲಿಗೊಮ್ಮೆ ಇಳಿಸಬೇಕು, ಎಲೆಯ ವಿನ್ಯಾಸ ನಡುವೆ ಮುರಿಯದಂತೆ ಹೇಗೆ ಕೂರಿಸಬೇಕು ಎಂದು ಒಬ್ಬರು ಕುಳಿತು ಲೆಕ್ಕ ಹಾಕಿರುತ್ತಾರೆ. ಅದನ್ನು ಇನ್ನೊಬ್ಬರು ಸಾಲುಸಾಲಾಗಿ ತಾಳೆ ನೋಡುತ್ತಾರೆ. ಅವರಿಗೆ ಟೆಕ್ನಿಕಲ್ ಎಡಿಟರ್ ಎಂದು ಹೆಸರು, ನಮ್ಮ ಭಾಷೆಯಲ್ಲಿ ಆಡಿಟರ್. ಆಮೇಲೆ ಬೇರೆ ಬೇರೆ ಮೈಕಟ್ಟಿನ ಹತ್ತಿಪ್ಪತ್ತು ಜನ ಅದನ್ನು ಹೆಣೆದು, ಎಲ್ಲಿ ತೊಡಕಾಯಿತೆಂದು ತಿಳಿಸಿದ ಮೇಲೆಯೇ ಒಳ್ಳೆಯ ಪ್ಯಾಟರ್ನ್ ಮಾರಾಟಕ್ಕೆ ಬರುತ್ತದೆ. ತೆರೆದು ನೋಡಿದರೆ ಪುಟದ ತುಂಬ 84, 92, 100, 108 ಎಂದು ಅಂಕಿಗಳ ಸಾಲು. ನಾನು ಮುದ್ರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ನನ್ನ ಅಳತೆಯ ಅಂಕಿಗೆಲ್ಲ ಪೆನ್ಸಿಲಿನಿಂದ ಸುತ್ತು ಹಾಕಿಕೊಂಡೇ ಸೂಜಿ ಹಿಡಿಯುವುದು.

ಮೊದಲು ಹೀಗಿರಲಿಲ್ಲ. ನನಗೆ ಹೆಣಿಗೆ ಕಲಿಸಿದವರು ಎದುರುಮನೆಯ ಕಾಕು. ಮರಾಠಿಯವರು, ಹಾಗಾಗಿ ನಾನು ಇಂದಿಗೂ ಮನಸ್ಸಿನಲ್ಲಿ ನೇರ ಕುಣಿಕೆ, ತಿರುವು ಕುಣಿಕೆಗಳನ್ನು "ಸುಲಟ, ಉಲಟ" ಎಂದೇ ಎಣಿಸುತ್ತೇನೆ. ಕ್ಯಾಂಪಿನ ಕಡೆ ಮಿಲಿಟರಿಯವರ ಕ್ವಾರ್ಟರ್ಸಿನಲ್ಲಿ ಹಿಮಾಚಲದ ಹೆಂಗಸರು ಎಳೆಬಿಸಿಲಿಗೆ ಕುಳಿತು, ಮಾತನಾಡುತ್ತ, ಸೂಜಿಯತ್ತ ನೋಡದೆಯೇ ಹೆಣೆಯುತ್ತಿದ್ದುದನ್ನು ಕಂಡು ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಅವರ ಹತ್ತಿರ ಹಳೆಯ ಹಿಂದಿ ಮಾಸಿಕಗಳ ಹೆಣಿಗೆ ವಿಶೇಷಾಂಕಗಳಿದ್ದವು. ಡಿಸೈನ್ ಚೆಂದ, ಅಳತೆ ಮಾತ್ರ ಒಂದೇ. ನಿಮ್ಮ ಮೈ ಆ ಅಳತೆಗೆ ಒಗ್ಗದಿದ್ದರೆ ಅದು ನಿಮ್ಮ ಹಣೆಬರಹ.

ಸ್ವತಂತ್ರ ವಿನ್ಯಾಸಕರು ಎಂದರೆ ಯಾರು ಎಂದೂ ಕೇಳುತ್ತಾರೆ. ಬಹಳ ಕಾಲ ಪ್ಯಾಟರ್ನುಗಳು ಬರುತ್ತಿದ್ದುದು ನೂಲಿನ ಕಂಪನಿಗಳಿಂದ, ಇಲ್ಲವೇ ಪತ್ರಿಕೆಗಳಿಂದ. ಮೇಲೆ ಹೇಳಿದ ಝಿಮ್ಮರ್‌ಮನ್, ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದವರು, ಚೀಲದಂತೆ ಸುತ್ತುಸುತ್ತಾಗಿ ಹೆಣೆಯುವ ವಿಧಾನ ಬರೆದುಕೊಟ್ಟರೆ ಪ್ರಕಟಿಸುವವರು ಅದನ್ನು ಬಿಡಿ ತುಂಡುಗಳಾಗಿ ಹೆಣೆದು ಹೊಲಿಯುವಂತೆ ಬದಲಾಯಿಸಿ ಅಚ್ಚು ಹಾಕಿದರು. ನಿಮ್ಮ ಸಹವಾಸವೇ ಬೇಡವೆಂದು ಆಕೆ ತಾನೇ ಬರೆದು ಹಂಚತೊಡಗಿ, 1959ರಲ್ಲಿ ಸ್ಕೂಲ್‌ಹೌಸ್ ಪ್ರೆಸ್ ಕಟ್ಟಿದರು. 1968ರ ಅವರ ಕೂಸಿನ ಜಾಕೆಟ್ ಇಂದಿಗೂ ಹೆಣೆಯುವವರ ಕೈಯಲ್ಲಿದೆ. ಒಂದೇ ತುಂಡಾಗಿ ಹೆಣೆದಾಗ ಅದು ಏನೆಂದು ತಿಳಿಯುವುದೇ ಇಲ್ಲ, ಸೊಟ್ಟ ಚೌಕಾಕಾರದ ಪಾತ್ರೆ ಒರೆಸುವ ಬಟ್ಟೆಯಂತಿರುತ್ತದೆ; ಮಡಿಸಿ ಎರಡು ಭುಜಗಳ ಮೇಲೆ ಹೊಲಿದರೆ ಅಂಗಿ! ಅಂತರ್ಜಾಲ ಬಂದ ಮೇಲೆ ಆಕೆಯ ದಾರಿಯಲ್ಲಿ ಸಾವಿರಾರು ಜನ ನಡೆದಿದ್ದಾರೆ. ಒಬ್ಬರೇ ಅಥವಾ ಇಬ್ಬರೇ ಕುಳಿತು ಮಾಡುವ ಮನೆಗೆಲಸ ಅದು, ನಮ್ಮ ಕಡೆಯ ಮಗ್ಗದ ಮನೆಗಳ ಹಾಗೆ.

ಇನ್ನು ಇವರನ್ನು ಹುಡುಕುವುದು ಹೇಗೆ? ಚಿತ್ರದ ಬೆನ್ನು ಹತ್ತಬೇಡಿ, ಹೆಸರಿನ ಬೆನ್ನು ಹತ್ತಿ. ನಾನು ಎರಡು ವರ್ಷ ಮೊಬೈಲಿನಲ್ಲಿ ಚೆಂದದ ಸ್ವೆಟರುಗಳ ಚಿತ್ರ ಕೂಡಿಟ್ಟೆ. ಮುನ್ನೂರು ಚಿತ್ರಗಳಾದವು, ಅವುಗಳಲ್ಲಿ ಒಂದಕ್ಕೂ ವಿಳಾಸವಿರಲಿಲ್ಲ. ಈಗಂತೂ ಕಂಪ್ಯೂಟರ್ ತಾನೇ ಹುಟ್ಟಿಸಿದ ಚಿತ್ರ ಹಾಕಿ, ಅದಕ್ಕೊಂದು ಪಿಡಿಎಫ್ ಅಂಟಿಸಿ ಮಾರುವವರೂ ಹುಟ್ಟಿಕೊಂಡಿದ್ದಾರೆ. ಅದನ್ನು ಹಿಡಿಯುವುದು ಸುಲಭ. ಚಿತ್ರವನ್ನು ದೊಡ್ಡದು ಮಾಡಿ ಒಂದು ಜಡೆಯ ಎಳೆಯನ್ನು ಬೆರಳಿನಿಂದ ಹಿಂಬಾಲಿಸಿ. ನಿಜವಾದ ಹೆಣಿಗೆಯಲ್ಲಿ ಎಳೆ ಮೇಲೆ ಹೋದದ್ದು ಕೆಳಗೆ ಬರಲೇಬೇಕು. ಸುಳ್ಳು ಚಿತ್ರದಲ್ಲಿ ಅದು ನಡುದಾರಿಯಲ್ಲೇ ಮಾಯವಾಗುತ್ತದೆ.

ನಾನು ಹೋಗುವುದು ರಾವೆಲ್ರಿ ಎಂಬ, ಹೆಣಿಗೆಯವರ ಅಂತರ್ಜಾಲ ತಾಣಕ್ಕೆ. 2007ರಲ್ಲಿ ಆರಂಭವಾದದ್ದು, ಹೆಸರು ನೋಂದಾಯಿಸಲು ದುಡ್ಡಿಲ್ಲ. ಅಲ್ಲಿ ನಮ್ಮ ಕಪಾಟಿನಲ್ಲಿರುವ ನೂಲಿನಿಂದ ಹುಡುಕಾಟ ಶುರು ಮಾಡಬಹುದು. ನನ್ನ ಬಳಿ 900 ಮೀಟರ್ ತೆಳು ಹತ್ತಿ ನೂಲಿದೆ, ದೊಡ್ಡವರ ತುಂಬುತೋಳಿಲ್ಲದ ಅಂಗಿ ಬೇಕು ಎಂದು ಸೋಸುತ್ತ ಹೋದರೆ ಸಾವಿರಗಳು ನೂರಾಗುತ್ತವೆ. ನಮ್ಮ ಕಡೆಗೆ ಹತ್ತಿಯೇ ಸರಿ. ವಿಜಯಪುರದಲ್ಲಿರುವ ನನ್ನ ತಂಗಿಗೆ ಉಣ್ಣೆಯ ಸ್ವೆಟರ್ ಕೊಟ್ಟರೆ ಅದನ್ನು ಅವಳು ವರ್ಷಕ್ಕೆ ಹತ್ತು ದಿನ ಹಾಕಿಕೊಂಡಾಳು.

ಆಮೇಲೆ, ಇದು ಮುಖ್ಯ, ವಿನ್ಯಾಸಕರು ಹಾಕಿದ ಫೋಟೋ ನೋಡಿ ಮರುಳಾಗಬೇಡಿ. ಆ ಮಾದರಿ ಹುಡುಗಿಗೆ ಗೋಣಿಚೀಲ ತೊಡಿಸಿದರೂ ಒಪ್ಪುತ್ತದೆ. ಅದೇ ಪ್ಯಾಟರ್ನನ್ನು ಹೆಣೆದ ಊರೂರಿನ ಜನರು ತಮ್ಮ ಫೋಟೋ ಹಾಕಿ ಟಿಪ್ಪಣಿ ಬರೆದಿರುತ್ತಾರೆ, ಅಲ್ಲಿಗೆ ಹೋಗಿ. ನನ್ನಂತೆ ಗಿಡ್ಡಗೆ, ನಡು ಅಗಲವಾಗಿರುವವರನ್ನು ಹುಡುಕಿ ಅವರ ಮಾತು ಓದುತ್ತೇನೆ. "ತೋಳು 4 ಸೆಂಟಿಮೀಟರ್ ಉದ್ದವಾಯಿತು, ಬಿಚ್ಚಿದೆ." "ಹತ್ತಿಯಲ್ಲಿ ಹೆಣೆದೆ, ಒಗೆದ ಮೇಲೆ ಜೋತುಬಿತ್ತು." ಈ ಎರಡನೆಯ ಟಿಪ್ಪಣಿ ನನಗೆ ಒಂದು ತಿಂಗಳ ಶ್ರಮ ಉಳಿಸಿದೆ. ಹತ್ತಿಗೆ ಉಣ್ಣೆಯ ಪುಟಿತವಿಲ್ಲ, ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಯಾರೊಬ್ಬರೂ ಹೆಣೆಯದ ಪ್ಯಾಟರ್ನ್ ಎಷ್ಟೇ ಚೆಂದವಿದ್ದರೂ ನಾನು ಮೊದಲಿಗಳಾಗುವುದಿಲ್ಲ.

ಹೊಸಬರಿಗೆ ನಾನು ಹೇಳುವ ಮೊದಲ ಹೆಸರು ಟಿನ್ ಕ್ಯಾನ್ ನಿಟ್ಸ್. ಎಮಿಲಿ ವೆಸೆಲ್, ಅಲೆಕ್ಸಾ ಲುಡ್‌ಮನ್ ಎಂಬ ಇಬ್ಬರ ಜೋಡಿ. ಅವರ ಫ್ಲಾಕ್ಸ್ ಎಂಬ ಸ್ವೆಟರ್ ಪ್ಯಾಟರ್ನ್ ಪುಕ್ಕಟೆ, ಎಳೆಕೂಸಿನಿಂದ ಹಿಡಿದು ದಢೂತಿ ಗಂಡಸರವರೆಗೆ ಅಳತೆಗಳಿವೆ. ಕುತ್ತಿಗೆಯಿಂದ ಶುರುವಾಗಿ ಕೆಳಕ್ಕೆ ಇಳಿಯುತ್ತದೆ, ನಡುನಡುವೆ ತೊಟ್ಟು ನೋಡಬಹುದು. ಡೆನ್ಮಾರ್ಕಿನ ಪೆಟಿಟ್‌ನಿಟ್ ಹೆಸರಿನಲ್ಲಿ ಬರುವ ವಿನ್ಯಾಸಗಳು ಸಾದಾ, ಕಚೇರಿಗೆ ಹಾಕಿಕೊಂಡು ಹೋಗುವಂಥವು. ಅರ್ಜೆಂಟೀನಾದ ಜೋಜಿ ಲೊಕಾಟೆಲ್ಲಿ ನನಗೆ ಇಷ್ಟ. ಆಮ್‌ಸ್ಟರ್‌ಡ್ಯಾಮಿನಲ್ಲಿರುವ ಸ್ಟೀಫನ್ ವೆಸ್ಟ್ ಅವರ ಶಾಲುಗಳಲ್ಲಿ ಬಣ್ಣದ ಜಾತ್ರೆಯೇ ನಡೆದಿರುತ್ತದೆ. ನೋಡಲು ಖುಷಿ, ಆದರೆ ಅದನ್ನು ಹೊದ್ದು ನಾನು ಸಂಘಕ್ಕೆ ಹೋದರೆ ಜನ ಗಾಬರಿಯಾಗಿ ಠೇವಣಿ ಹಿಂಪಡೆದಾರು.

ದುಡ್ಡು ಕೊಡುವ ವಿಚಾರ. ನನ್ನ ಮೊದಲ ಖರೀದಿ ಮೂರು ಸಲ ವಿಫಲವಾಯಿತು, ಮೋಸದ ತಾಣವೆಂದೇ ತಿಳಿದೆ. ತಪ್ಪು ತಾಣದ್ದಲ್ಲ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಮುಚ್ಚಿಯೇ ಬರುತ್ತದೆ, ಬ್ಯಾಂಕಿನ ಆ್ಯಪಿನಲ್ಲಿ ನಾವೇ ತೆರೆಯಬೇಕು. ಕೊಂಡ ಮೇಲೆ ಮತ್ತೆ ಮುಚ್ಚಿಬಿಡಿ. ಬೆಲೆ ಸಾಮಾನ್ಯವಾಗಿ ಆರರಿಂದ ಒಂಬತ್ತು ಡಾಲರ್. ನನ್ನ ನೀಲಿ ಸ್ವೆಟರಿಗೆ ಪ್ಯಾಟರ್ನ್ 650 ರೂಪಾಯಿ, ನೂಲು 1,400, ಕೆಲಸ ಐವತ್ತು ಸಂಜೆ. ಪ್ಯಾಟರ್ನಿನ ದುಡ್ಡು ಸಂಜೆಗೆ 13 ರೂಪಾಯಿಯಂತೆ ಬಿತ್ತು, ಒಂದು ಕಪ್ ಚಹಾ. ಆದರೆ ನಿಜ ಹೇಳಿಬಿಡುತ್ತೇನೆ, ಕೊಂಡಿಟ್ಟ ಪ್ಯಾಟರ್ನುಗಳು 41, ಹೆಣೆದದ್ದು 12. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವಳ ಕತೆ ನನ್ನದು. ಈ ಪುಟವನ್ನು ನಮ್ಮ ಸಂಘದ ಆಡಿಟರ್ ನೋಡದಿದ್ದರೆ ಸಾಕು.

ಹೊರದೇಶದ ಪ್ಯಾಟರ್ನಿನಲ್ಲಿ ಒಂದು ಹೊಂಡವಿದೆ, ನಾನು ಬಿದ್ದಿದ್ದೇನೆ. ಅಮೆರಿಕದ ಪ್ಯಾಟರ್ನ್ ಒಂದರಲ್ಲಿ 8 ನಂಬರ್ ಸೂಜಿ ಎಂದಿತ್ತು. ಕಾಕು ಕೊಟ್ಟ 8 ನಂಬರ್ ಸೂಜಿ ಮನೆಯಲ್ಲೇ ಇತ್ತು. ತಮ್ಮನಿಗೆಂದು 180 ಕುಣಿಕೆ ಏರಿಸಿ ಎರಡು ತಿಂಗಳು ಹೆಣೆದೆ. ನಮ್ಮ ಹಳೆಯ ಸೂಜಿಗಳ ನಂಬರು ಬ್ರಿಟಿಷರ ಲೆಕ್ಕದ್ದು, ಅದರಲ್ಲಿ ನಂಬರ್ ಏರಿದಂತೆ ಸೂಜಿ ತೆಳ್ಳಗಾಗುತ್ತದೆ. ಅಮೆರಿಕದ್ದು ತಿರುಗಾಮುರುಗಾ, ನಂಬರ್ ಏರಿದಂತೆ ದಪ್ಪ. ಅವರ 8 ಎಂದರೆ 5 ಮಿಲಿಮೀಟರ್, ನಮ್ಮ 8 ಎಂದರೆ 4. 10 ಸೆಂಟಿಮೀಟರಿಗೆ 18 ಕುಣಿಕೆ ಬರಬೇಕಾದಲ್ಲಿ 22 ಬಿದ್ದವು, 100 ಸೆಂಟಿಮೀಟರ್ ಆಗಬೇಕಾದ ಎದೆ 82ಕ್ಕೆ ನಿಂತಿತು. ತಮ್ಮನ ಮಗ ಅದನ್ನು ಹಾಕಿಕೊಂಡು ಎರಡು ಚಳಿಗಾಲ ಶಾಲೆಗೆ ಹೋದ. ಅಂಗೈಯಗಲ ಮಾದರಿ ಹೆಣೆದು ಅಳೆದು ನೋಡಿ ಎಂದು ಪ್ಯಾಟರ್ನಿನ ಮೊದಲ ಪುಟದಲ್ಲೇ ಇತ್ತು. ಯಾರು ಓದುತ್ತಾರೆ! ಈಗ ನಾನು ನಂಬರು ನೋಡುವುದೇ ಇಲ್ಲ, ಮಿಲಿಮೀಟರ್ ಮಾತ್ರ.

ಕಳೆದ ವರ್ಷದ ಒಂದು ಸಂಗತಿ ಹೇಳಿ ಪಿಡಿಎಫಿನ ಮಾತಿಗೆ ಬರುತ್ತೇನೆ. ಎರಡು ಬಣ್ಣದ ಎಲೆಗಳ ಸುತ್ತು ಇರುವ ಸ್ವೆಟರ್ ಹಿಡಿದಿದ್ದೆ. ಅದರ ನಕ್ಷೆ ಚೌಕುಳಿ ಕಾಗದದಲ್ಲಿ, ಕೆಳಗಿನಿಂದ ಮೇಲಕ್ಕೆ, ಬಲದಿಂದ ಎಡಕ್ಕೆ ಓದುವಂಥದ್ದು. ಆ ಸಲ ಅವ್ವ ಬಂದಿದ್ದಳು. ಇಂಗ್ಲಿಷಿನ ಗಂಧವಿಲ್ಲ. ಕನ್ನಡಕ ಏರಿಸಿಕೊಂಡು ಹಾಳೆಯ ಮೇಲೆ ಬೆರಳಾಡಿಸಿ, "ಎಡಗಡೆಯ ಎಲೆಗೆ ಐದು ಮನೆ ಇವೆ, ಬಲಗಡೆಯದಕ್ಕೆ ನಾಲ್ಕೇ ಇವೆಯಲ್ಲ, ಹೀಗೇ ಇರಬೇಕೇ?" ಎಂದಳು. ನಾನು ಅದನ್ನು ನಾಲ್ಕು ಸಲ ಓದಿದ್ದೆ, ಕಂಡಿರಲಿಲ್ಲ. ವಿನ್ಯಾಸಕಿಗೆ ಎರಡು ಸಾಲು ಬರೆದು ಹಾಕಿದೆ. ಮೂರನೆಯ ದಿನ ಉತ್ತರ ಬಂತು: ತಪ್ಪು ಹೌದು, ತಿದ್ದಿದ್ದೇನೆ, ನಿಮ್ಮ ತಾಯಿಗೆ ನಮಸ್ಕಾರ ಹೇಳಿ. ಕೊಂಡವರಿಗೆಲ್ಲ ಹೊಸ ಪ್ರತಿ ತಾನಾಗಿಯೇ ತಲುಪಿತು. ಅವ್ವ, "ಎಳೆ ತಪ್ಪಿದೆ ಎಂದರೆ ನಮ್ಮ ಮಗ್ಗದವರು ಮುಖ ಊದಿಸುತ್ತಿದ್ದರು, ಈಕೆ ಒಳ್ಳೆಯ ಮಗಳು" ಎಂದು ಸರ್ಟಿಫಿಕೇಟ್ ಕೊಟ್ಟಳು. ವಾಟ್ಸ್‌ಆ್ಯಪಿನಲ್ಲಿ ಕೈಯಿಂದ ಕೈಗೆ ಹೋದ ಪ್ರತಿಗಳಲ್ಲಿ ಆ ಎಲೆಗೆ ಇನ್ನೂ ನಾಲ್ಕೇ ಮನೆ ಇರಬೇಕು.

ಆದ್ದರಿಂದ ಕೊಂಡ ಪಿಡಿಎಫನ್ನು ನಾನು ಕಳಿಸುವುದಿಲ್ಲ. ಅದನ್ನು ಮಾಡಿದ ಇಬ್ಬರು ಮೂವರ ಮನೆ ನಡೆಯುವುದೇ ಅದರಿಂದ. ನನ್ನ ಸ್ವೆಟರಿನಲ್ಲಿರುವ ಎಲೆಯ ವಿನ್ಯಾಸ ಬೇಕೇ, ಬಂದು ಪಕ್ಕದಲ್ಲಿ ಕುಳಿತು ಎಣಿಸಿಕೊಳ್ಳಿ, ಅವ್ವ ಮದುವೆಮನೆಯಲ್ಲಿ ಮಾಡಿದ ಹಾಗೆ. ಅದಕ್ಕೆ ನನ್ನ ಅಡ್ಡಿಯಿಲ್ಲ, ಚಹಾ ಸಹ ಕೊಡುತ್ತೇನೆ. ಅಳತೆಯ ಲೆಕ್ಕ ಬೇಕಿದ್ದರೆ ವಿನ್ಯಾಸಕರ ಪುಟದ ಕೊಂಡಿ ಕಳಿಸುತ್ತೇನೆ. ಖರ್ಚು ಬೇಡ ಎನ್ನುವವರಿಗೆ ಫ್ಲಾಕ್ಸಿನ ಕೊಂಡಿ ಇದೆ, ಜೊತೆಗೆ ನನ್ನ 5 ಮಿಲಿಮೀಟರಿನ ಸೂಜಿ ಎರವಲು. ಈ ಚಳಿಗಾಲದಲ್ಲಿ ಹಾಗೆ ಮೂವರು ಒಯ್ದಿದ್ದಾರೆ. ಒಬ್ಬರದು ಕುತ್ತಿಗೆ ದಾಟಿದೆ, ಇನ್ನೊಬ್ಬರು ತೋಳಿಗೆ ಬಂದಿದ್ದಾರೆ, ಮೂರನೆಯವರು ರಸ್ತೆಯಲ್ಲಿ ನನ್ನನ್ನು ಕಂಡರೆ ಆಚೆ ಬದಿಗೆ ದಾಟುತ್ತಾರೆ. ಸೂಜಿಗಳು ಮಾತ್ರ ಒಂದೂ ಮರಳಿಲ್ಲ.