ಬೈದ್ರ ನಡಿತೈತೇನ್ರಿ?

ಈ ವಾರ ಇಳಕಲ್ ಕಡೆ ಒಂದು ನೇಕಾರರ ಮನೆಗೆ ಹೋಮ್ ಸ್ಟಡಿಗೆ, ಅಂದರೆ ಮಗು ದತ್ತು ಕೊಡೋ ಮೊದಲು ಮನೆ, ಮನೆಯವರನ್ನ ನೋಡಿ ರಿಪೋರ್ಟ್ ಬರೆಯೋಕೆ, ಹೋಗಿದ್ದೆ. 2 ವರ್ಷದೊಳಗಿನ ಕೂಸು ಬೇಕು ಅಂತ ದತ್ತು ಅರ್ಜಿಯ ಸರ್ಕಾರಿ ವೆಬ್‌ಸೈಟ್ ಕೇರಿಂಗ್ಸ್ ಪೋರ್ಟಲ್‌ನಲ್ಲಿ ಹೆಸರು ಹಚ್ಚಿದ್ದಾರೆ. ಅದಕ್ಕೆ ಗಂಡ ಹೆಂಡತಿ ವಯಸ್ಸು ಕೂಡಿಸಿದರೆ 85 ದಾಟಬಾರದು, ಇವರದು ದಾಟಿಲ್ಲ.

ಪಡಸಾಲೆಯಲ್ಲೇ ಕುಣಿಮಗ್ಗ, ಕಾಲು ಇಳಿಬಿಟ್ಟು ನೇಯೋಕೆ ನೆಲದಲ್ಲಿ ಗುಂಡಿ ಇರೋ ಮಗ್ಗ. ನನ್ನ ಕಣ್ಣು ಮೊದಲು ಹೋಗಿದ್ದು ಆ ಕುಣಿ ಕಡೆಗೆ, ನಾಳೆ ಅಂಬೆಗಾಲಿಡೋ ಮಗು ಬರುತ್ತೆ ಅಲ್ವಾ. ಕೇಳೋ ಮೊದಲೇ ಆತ ಗೋಡೆಗೆ ಒರಗಿಸಿಟ್ಟಿದ್ದ ಹಲಗೆ ತಂದು ಮುಚ್ಚಿ, ಮೇಲೆ ನಿಂತು ಕುಣಿದು ತೋರಿಸಿದರು. ಒಳ್ಳೆಯ ಮನುಷ್ಯ, ಮಾತು ಸ್ವಲ್ಪ ಜಾಸ್ತಿ. ಅವರ ಅಣ್ಣನದು ಇನ್ನೂ ಜಾಸ್ತಿ. ನನ್ನನ್ನು ಸಾಲ ಕೊಡೋಕೆ ಬಂದವಳು ಅಂದುಕೊಂಡರೋ ಏನೋ, ಪಾಸ್‌ಬುಕ್ ಬಿಟ್ಟು ಬೇರೆ ಮಾತೇ ಇಲ್ಲ.

ಹೆಂಡತಿ ಜೊತೆ ಒಬ್ಬಳೇ ಮಾತಾಡೋಣ ಅಂತ ಅಡುಗೆಮನೆಗೆ ಹೋದೆ. ರೊಟ್ಟಿ ಬಡಿಯುತ್ತಾ ಎಲ್ಲದಕ್ಕೂ ಹೂಂ ಅಂದರು. ಆಮೇಲೆ ಕೈ ನಿಲ್ಲಿಸಿ, "ಮೇಡಮ್ಮಾರ, ಕೂಸು ಬಂದ ಮ್ಯಾಲೆ ನಾ ಅದಕ್ಕ ಬೈದ್ರ ನಡಿತೈತೇನ್ರಿ?"

ದತ್ತು ಆದ ಮೇಲೂ 2 ವರ್ಷ, 6 ತಿಂಗಳಿಗೊಮ್ಮೆ ಬಂದು ನೋಡ್ತೀವಿ ಅಂತ ಆಗಷ್ಟೇ ಹೇಳಿದ್ದೆ, ಅದಕ್ಕೇ ಕೇಳಿದರು ಅನ್ನಿಸಿತು. ಹೊಡೆಯೋದು ಬೇಡ, ಬೈಯೋಕೆ ಯಾರ ಅಪ್ಪಣೆ ಬೇಕ್ರಿ ಅಂದೆ. ನಕ್ಕರು. ನಕ್ಕ ಮೇಲೆ ವಿಷಯ ಹೊರಬಂತು. ಹಿಂದೊಮ್ಮೆ ಭಾವನ ಮಗ ಗಾಡಿಗೆ ಅಡ್ಡ ಓಡಿದ ಅಂತ ಗದರಿಸಿದ್ದಕ್ಕೆ ನೆಗೆಣ್ಣಿ, ಅದೇ ಪಾಸ್‌ಬುಕ್ ಅಣ್ಣನ ಹೆಂಡತಿ, "ನೀ ಹಡದಿದ್ರ ಗೊತ್ತಾಗ್ತಿತ್ತು" ಅಂದಿದ್ದಳಂತೆ. ಆಮೇಲಿಂದ ಓಣಿಯ ಯಾವ ಮಗುವಿಗೂ ಇವರು ಒಂದು ಮಾತು ಅಂದಿಲ್ಲ.

ಬೈದ್ರ ನಡಿತೈತೇನ್ರಿ. ಬಸ್ಸಿನಲ್ಲೂ ಅದೇ, ರಾತ್ರಿ ಊಟಕ್ಕೆ ಕೂತಾಗಲೂ ಅದೇ. ಮಕ್ಕಳಿಲ್ಲದವಳು ಪಕ್ಕದ ಮನೆ ಕೂಸನ್ನ ಎತ್ತಿಕೊಳ್ಳಬಹುದು, ಉಂಡಿ ಕೊಡಬಹುದು, ತಾಯಿ ಬರೋ ತನಕ ಕಾಯಬಹುದು. ಗದರಿಸಿದರೆ ಮಾತ್ರ ಊರಿಗೆಲ್ಲ ಅವಳ ಹೊಟ್ಟೆ ನೆನಪಾಗುತ್ತೆ. ಎಷ್ಟೋ ಮನೆಗಳಲ್ಲಿ "ಒಂದು ಮಾತೂ ಬೈಯಲ್ಲ ಮೇಡಂ, ರಾಜನ ಹಂಗ ಸಾಕ್ತೀವಿ" ಅಂತಾರೆ. ನನಗೆ ಭಯ ಆಗೋದು ಆ ಉತ್ತರಕ್ಕೇ. ಆ ರಾಜ ಮೂರನೇ ವರ್ಷಕ್ಕೆ ಸಂತೆಯಲ್ಲಿ ನೆಲಕ್ಕೆ ಬಿದ್ದು ಹೊರಳಾಡಿ ಅತ್ತಾಗ ಇವರು ಏನು ಮಾಡ್ತಾರೆ? ಈ ಹೆಂಗಸು ಆಗಲೇ ಆ ದಿನದ ತನಕ ಯೋಚಿಸಿಬಿಟ್ಟಿದ್ದಾರೆ.

ರಿಪೋರ್ಟಿನಲ್ಲಿ ಆದಾಯ, ಆರೋಗ್ಯ, ಮನೆ ಎಲ್ಲಕ್ಕೂ ಜಾಗ ಇದೆ. ಈ ಪ್ರಶ್ನೆಯನ್ನ ತಯಾರಿ ಅನ್ನೋ ಕಡೆ ಹಾಗೇ ಬರೆದಿದ್ದೇನೆ, ಮೇಲಿನವರು ಕೇಳಿದರೆ ಉತ್ತರ ಕೊಡ್ತೀನಿ. ನೆಗೆಣ್ಣಿಯನ್ನೂ ಒಮ್ಮೆ ಕೂರಿಸಿ ಮಾತಾಡಿಸಬೇಕು. ಮನೆ ಪಕ್ಕದಲ್ಲೇ ಇದೆ, ಮಗು ಆಡೋಕೆ ಹೋಗೋದು ಅಲ್ಲಿಗೇ ಅಲ್ವಾ.