ಅಶ್ಶೂರದ ರಥ, ಭಾಗ 4: ನೊಗ ಕೊನೆಗೂ ಕುಳಿತಿತು

ನನ್ನ ಪುಟ್ಟ ಮಾದರಿ ರಥದ ನೊಗ ಕುಳಿತಿದೆ. ಅಂಟಿನ ಹಂಗಿಲ್ಲದೆ, ಕೈ ಬಿಟ್ಟರೂ ಜಾರದೆ, ಎರಡೂ ಕುದುರೆಗಳ ಮೇಲೆ ಸಮನಾಗಿ ಕುಳಿತಿದೆ. ಈ ಭಾಗದ ಸುದ್ದಿ ಅಷ್ಟೇ. ಚಕ್ರಕ್ಕೆ ಎಂಟು ಅರೆಕಾಲು ಕೂರಿಸಿದ್ದು, ಸಾರಥಿ ನಿಲ್ಲುವ ತೊಟ್ಟಿಗೆ ಪ್ಲಾಸ್ಟಿಕ್ ಹಾಳೆ ಬಾಗಿಸಿದ್ದು, ಪ್ರೈಮರ್ ಹೊಡೆದದ್ದು ಎಲ್ಲರೂ ಮಾಡುವ ಕೆಲಸ. ಅವುಗಳ ಫೋಟೊ ಹಾಕಿ ನಿಮ್ಮ ತಾಳ್ಮೆ ಕೆಡಿಸುವುದಿಲ್ಲ.

ಮೊದಲ ಭಾಗಗಳನ್ನು ನೋಡದವರಿಗೆ ಹೇಳುವುದಾದರೆ, ಇದು 1:32 ಅಳತೆಯಲ್ಲಿ, ಅಂದರೆ ನಿಜದ ಮೂವತ್ತೆರಡರಲ್ಲೊಂದು ಗಾತ್ರದಲ್ಲಿ, ಕ್ರಿ.ಪೂ. 701ರ ಯೆರೂಸಲೇಮಿನ ಹೊರಗಿನ ದೃಶ್ಯ. ಯೆಹೂದದ ಲಾಕೀಷ್ ಊರಿನಲ್ಲಿ ಬೀಡುಬಿಟ್ಟಿದ್ದ ಅಶ್ಶೂರದ (ಅಸ್ಸೀರಿಯಾದ) ರಾಜ ಸನ್ಹೇರೀಬ ತನ್ನ ಅಧಿಕಾರಿ ರಬ್ಷಾಕೆಯನ್ನು ದೊಡ್ಡ ಸೈನ್ಯದೊಂದಿಗೆ ಯೆಹೂದದ ಅರಸ ಹಿಜ್ಕೀಯನ ಬಳಿಗೆ ಕಳುಹಿಸುತ್ತಾನೆ. ಆತ ಮೇಲಿನ ಕೆರೆಯ ಕಾಲುವೆಯ ಬಳಿ, ಅಗಸರ ಹೊಲದ ದಾರಿಯಲ್ಲಿ ನಿಂತು ಸವಾಲು ಹಾಕುತ್ತಾನೆ: ನಾನು ಎರಡು ಸಾವಿರ ಕುದುರೆ ಕೊಡುತ್ತೇನೆ, ಅವುಗಳ ಮೇಲೆ ಕೂರಿಸಲು ನಿನ್ನಲ್ಲಿ ಸವಾರರಿದ್ದಾರೆಯೇ? ಎರಡನೆಯ ಅರಸುಗಳು 18ರಲ್ಲಿದೆ, ಯೆಶಾಯ 36ರಲ್ಲೂ ಇದೆ. ಬೈಬಲಿನಲ್ಲಿ ಇದಕ್ಕಿಂತ ಹರಿತವಾದ ಯುದ್ಧದ ಮೂದಲಿಕೆ ನನ್ನ ಕಣ್ಣಿಗೆ ಬಿದ್ದಿಲ್ಲ. ಈ ಮಾತಿಗೆ ಸುಮಾರು ನೂರೈವತ್ತು ವರ್ಷ ಮೊದಲು, ಕ್ರಿ.ಪೂ. 853ರ ಕರ್ಕರ್ ಯುದ್ಧದಲ್ಲಿ, ಉತ್ತರದ ಇಸ್ರೇಲಿನ ಅಹಾಬ ಎರಡು ಸಾವಿರ ರಥ ತಂದಿದ್ದನೆಂದು ಅಶ್ಶೂರದ ಮೂರನೆಯ ಶಲ್ಮನೆಸರನೇ ಕಲ್ಲಿನ ಮೇಲೆ ಕೆತ್ತಿಸಿದ್ದಾನೆ. ಆ ಸಂಖ್ಯೆಯನ್ನು ಪೂರ್ತಿ ನಂಬದ ವಿದ್ವಾಂಸರಿದ್ದಾರೆ. ನಂಬಿದರೂ ಬಿಟ್ಟರೂ, ಅದೇ ಅಶ್ಶೂರದವರು ಈಗ ಯೆಹೂದಕ್ಕೆ ಎರಡು ಸಾವಿರ ಕುದುರೆಗಳನ್ನು ಭಿಕ್ಷೆಯಂತೆ ಚಾಚುತ್ತಿದ್ದಾರೆ. ಆದ್ದರಿಂದ ನನ್ನ ದೃಶ್ಯದಲ್ಲಿ ರಬ್ಷಾಕೆ, ಅವನ ರಥ, ಪಕ್ಕದಲ್ಲಿ ಸವಾರನಿಲ್ಲದೆ ನಿಂತ ಒಂದು ಕುದುರೆ. ಮಿಕ್ಕ ಕುದುರೆಗಳನ್ನು ನೋಡುವವರು ಊಹಿಸಿಕೊಳ್ಳಲಿ.

ಊಹಿಸಿಕೊಳ್ಳದೆ ಗತಿಯೂ ಇಲ್ಲ. ಸೊಲೊಮೋನನ ಕಾಲದಲ್ಲಿ ಐಗುಪ್ತದಿಂದ (ಈಜಿಪ್ಟಿನಿಂದ) ತಂದ ಕುದುರೆಯೊಂದಕ್ಕೆ 150 ಶೇಕೆಲ್ ಬೆಳ್ಳಿ, ರಥಕ್ಕೆ 600. ಶೇಕೆಲ್‌ಗೆ ಹನ್ನೊಂದು ಗ್ರಾಂ ಚಿಲ್ಲರೆ ಹಿಡಿದರೆ ಕುದುರೆಗೆ ಒಂದೂಮುಕ್ಕಾಲು ಕೆ.ಜಿ. ಬೆಳ್ಳಿಯ ಹತ್ತಿರ ಬರುತ್ತದೆ. ನನಗೆ ಪುಟ್ಟ ಕುದುರೆಗಳನ್ನು ಮಾರಿದ ಅಂಗಡಿಯವರು ಆ ವ್ಯಾಪಾರಿಗಳ ವಂಶದವರೇ ಇರಬೇಕು. ಹಣ ಮೊದಲೇ ಕಟ್ಟಿಸಿಕೊಂಡು, ಬಹಳ ದಿನ ಕಾಯಿಸಿ, ಕೊನೆಗೆ ಕಳುಹಿಸಿದ್ದು ನೆಪೋಲಿಯನ್ ಕಾಲದ ಅಶ್ವದಳ. ಬೆನ್ನ ಮೇಲೆ ಜೀನು, ಜೀನಿಗೆ ಕಾಲೂರುವ ರಿಕಾಪು, ಎಲ್ಲವೂ ಮೈಗೆ ಅಂಟಿಕೊಂಡೇ ಅಚ್ಚಾಗಿವೆ. ಅಶ್ಶೂರದ ಸವಾರನಿಗೆ ರಿಕಾಪು ಎಂದರೇನೆಂದೇ ಗೊತ್ತಿರಲಿಲ್ಲ. ಕುದುರೆಯ ಬೆನ್ನ ಮೇಲೊಂದು ಬಟ್ಟೆ, ಅದರ ಮೇಲೆ ಅವನು, ತೊಡೆಯ ಬಿಗಿತವೇ ಆಧಾರ. ಕ್ರಿ.ಪೂ. ಒಂಬತ್ತನೆಯ ಶತಮಾನದ ಕೆತ್ತನೆಗಳಲ್ಲಿ ಸವಾರರು ಜೋಡಿಯಾಗಿ ಹೋಗುತ್ತಾರೆ: ಒಬ್ಬ ಬಿಲ್ಲು ಎಳೆಯುವಾಗ ಇನ್ನೊಬ್ಬ ಎರಡೂ ಕುದುರೆಗಳ ಲಗಾಮು ಹಿಡಿದಿರುತ್ತಾನೆ. ಇದನ್ನೆಲ್ಲ ಫೋನಿನಲ್ಲಿ ವಿವರಿಸಿದಾಗ ಅಂಗಡಿಯವರ ಉತ್ತರ, "ಕುದುರೆ ಕುದುರೆಯೇ ಅಲ್ಲವೇ ಸರ್." ಜೀನು ಕೆರೆದು ತೆಗೆಯಬಹುದು. ಎತ್ತರವನ್ನು ಏನು ಮಾಡುವುದು?

ಅಸಲು ಕಾಟ ಶುರುವಾದದ್ದು ಅಲ್ಲಿಂದ. ಆ ಕಾಲದ ರಥದ ಕುದುರೆಗಳು ಚಿಕ್ಕವು. ಭುಜದವರೆಗೆ 135ರಿಂದ 145 ಸೆಂಟಿಮೀಟರ್ ಎಂದಿಟ್ಟುಕೊಂಡರೆ ನಮ್ಮ ಅಳತೆಯಲ್ಲಿ 42ರಿಂದ 45 ಮಿಲಿಮೀಟರ್. ಪೆಟ್ಟಿಗೆಯಲ್ಲಿ ಬಂದವು 52. ಏಳೆಂಟು ಮಿಲಿಮೀಟರ್ ತಾನೇ ಎನ್ನಬೇಡಿ. ನೊಗ ಮೇಲಕ್ಕೆ ಹೋದರೆ ಅದನ್ನು ತೊಟ್ಟಿಗೆ ಸೇರಿಸುವ ಮೂಕಿ ಮೇಲಕ್ಕೆ ಹೋಗುತ್ತದೆ, ಮೂಕಿ ಎದ್ದರೆ ತೊಟ್ಟಿಯ ನೆಲ ಹಿಂದಕ್ಕೆ ವಾಲುತ್ತದೆ. ಜಗತ್ತನ್ನೇ ನಡುಗಿಸಿದ ಸಾಮ್ರಾಜ್ಯದ ಸಾರಥಿ ಈಗಲೋ ಆಗಲೋ ಬೆನ್ನಡಿಯಾಗಿ ಬೀಳುವವನಂತೆ ನಿಂತಿದ್ದ. ಪರಿಹಾರ ಸಿಕ್ಕಿದ್ದು ಬೇರೊಂದು ಅಳತೆಯಲ್ಲಿ. ಎರಡನೇ ಮಹಾಯುದ್ಧದ ಜರ್ಮನ್ ಸಾಮಾನು ಬಂಡಿಯ 1:35 ಕಿಟ್‌ನ ಕುದುರೆಗಳು 46 ಮಿಲಿಮೀಟರ್ ಇದ್ದವು. ಗೊರಸಿನಡಿ ಒಂದು ಮಿಲಿಮೀಟರ್ ಉಜ್ಜಿ, ಹೊಟ್ಟೆಯನ್ನು ಫೈಲ್‌ನಿಂದ ಇಳಿಸಿದರೆ ಅಶ್ಶೂರದ ಲಾಯಕ್ಕೆ ಸಲ್ಲುತ್ತವೆ.

ಎತ್ತರ ಸರಿಹೋಯಿತು, ನೊಗ ನಿಲ್ಲಲಿಲ್ಲ. ನೊಗ ಹುಟ್ಟಿದ್ದು ಎತ್ತಿಗಾಗಿ. ನಮ್ಮ ಗಾಡಿಯ ಎತ್ತಿಗೆ ಹಿಣಿಲಿದೆ, ನೊಗ ಅದಕ್ಕೆ ಒರಗಿ ನಿಲ್ಲುತ್ತದೆ. ಕುದುರೆಗೆ ಅದಿಲ್ಲ. ನೊಗವನ್ನು ಮುಂದಕ್ಕೆ ಇಟ್ಟರೆ ಕುತ್ತಿಗೆಯ ಮೇಲೆ ಏರುತ್ತದೆ, ಹಿಂದಕ್ಕೆ ಇಟ್ಟರೆ ಬೆನ್ನಿಗೆ ಜಾರುತ್ತದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಲಾಕೀಷ್ ಕೆತ್ತನೆಗಳ ಚಿತ್ರಗಳನ್ನು ಕಣ್ಣು ಉರಿಯುವವರೆಗೆ ನೋಡಿದೆ. ಕೆತ್ತಿದವರೆಲ್ಲ ಪಕ್ಕದಿಂದಲೇ ಕೆತ್ತಿದ್ದಾರೆ. ಎರಡು ಕುದುರೆಗಳ ನಡುವೆ ನೊಗ ಹೇಗೆ ಕುಳಿತಿದೆ ಎಂಬುದು ಮಾತ್ರ ಹತ್ತಿರದ ಕುದುರೆಯ ಕುತ್ತಿಗೆಯ ಹಿಂದೆ ಮಾಯ. ಇಪ್ಪತ್ತೇಳು ಶತಮಾನ ಬಿಟ್ಟು ಒಬ್ಬ ಬಂದು ನೊಗ ಕೇಳುತ್ತಾನೆಂದು ಅಶ್ಶೂರದ ರಾಜಧಾನಿ ನಿನೆವೆಯ ಶಿಲ್ಪಿಗಳಿಗೆ ಹೊಳೆಯಲಿಲ್ಲ.

ಕೈಹಿಡಿದದ್ದು ಐಗುಪ್ತದ ಅರಸ ಟುಟಾಂಖಾಮುನ್. 1922ರಲ್ಲಿ ಪತ್ತೆಯಾದ ಅವನ ಸಮಾಧಿಯಲ್ಲಿ ಆರು ರಥಗಳಿದ್ದವು, ಜೊತೆಗೆ ನೊಗದ ಜೀನುಗಳೂ ಇದ್ದವು. ತಲೆಕೆಳಗು ಮಾಡಿದ ಕವಣೆಯ ಕವಲಿನ ಆಕಾರ: ಮೇಲಿನ ಗುಬುಟು ನೊಗಕ್ಕೆ ಕಟ್ಟು, ಕೆಳಗಿನ ಎರಡು ಕಾಲು ಕುದುರೆಯ ಭುಜದ ಇಕ್ಕೆಲಕ್ಕೆ. ಅಶ್ಶೂರದ ನನ್ನ ರಥಕ್ಕಿಂತ ಇದು ಆರು ಶತಮಾನ ಹಳೆಯದು, ಐಗುಪ್ತದ್ದು, ಚಕ್ರಕ್ಕೆ ಆರೇ ಅರೆಕಾಲು. ಆದರೂ ಕುದುರೆಯ ಭುಜ ಅಷ್ಟರಲ್ಲಿ ಬದಲಾಗಿರಲಾರದು.

ನೊಗವನ್ನು ಕುದುರೆಗೆ ಬಿಗಿಯುವ ಎದೆಪಟ್ಟಿಯ ಬಗ್ಗೆಯೂ ಹಳೆಯ ತಕರಾರೊಂದಿದೆ. ಪ್ರಾಚೀನರ ಪಟ್ಟಿ ಕುದುರೆಯ ಗಂಟಲನ್ನೇ ಹಿಸುಕುತ್ತಿತ್ತು, ಹಾಗಾಗಿ ಅವು ಹೆಚ್ಚು ಭಾರ ಎಳೆಯಲಾರದೆ ಹೋದವು ಎಂದು ಫ್ರೆಂಚ್ ಸೈನ್ಯಾಧಿಕಾರಿ ಲೆಫೆವ್ರ್ ದೆ ನೊಯೆತ್ 1931ರಲ್ಲಿ ವಾದಿಸಿದ್ದ. ಬಹುಕಾಲ ಎಲ್ಲರೂ ಅದನ್ನೇ ಒಪ್ಪಿಕೊಂಡರು. 1970ರ ದಶಕದಲ್ಲಿ ಇನ್ನೊಬ್ಬ ಫ್ರೆಂಚ್‌ನವ, ಜ್ಯಾನ್ ಸ್ಪ್ರುಯ್ತ್, ರಥಗಳನ್ನೇ ಕಟ್ಟಿ, ನಿಜವಾದ ಕುದುರೆಗಳನ್ನು ಹೂಡಿ ಓಡಿಸಿ ನೋಡಿದ. ನೊಗದ ಜೀನು ಸರಿಯಾದ ಜಾಗದಲ್ಲಿದ್ದರೆ ಎದೆಪಟ್ಟಿ ಗಂಟಲಿಗೆ ಏರುವುದೇ ಇಲ್ಲ. ನಮ್ಮ ಹವ್ಯಾಸದವರ ಪಂಥ ಈತನದು. ವಾದಕ್ಕೆ ಕೂರುವ ಬದಲು ಮಾಡಿ ತೋರಿಸಿದವನು. ನನ್ನ ಪುಟ್ಟ ಕುದುರೆಗಳ ಮೇಲೂ ಅದೇ ಆಯಿತು. ಅರ್ಧ ಮಿಲಿಮೀಟರ್ ಹಿತ್ತಾಳೆ ತಂತಿಯನ್ನು ಮೊಳೆಯ ಸುತ್ತ ಬಾಗಿಸಿ ಕವಲು ಮಾಡಿದೆ, ಕಾಲುಗಳಿಗೆ ಎಂ-ಸೀಲ್‌ನ ತೆಳು ಮೆತ್ತೆ, ಎದೆಪಟ್ಟಿಗೂ ಹೊಟ್ಟೆಪಟ್ಟಿಗೂ ಒಂದು ಮಿಲಿಮೀಟರ್ ಅಗಲದ ಸೀಸದ ಹಾಳೆ. ಕವಲನ್ನು ಭುಜದ ಏರಿನ ಸ್ವಲ್ಪ ಮುಂದೆ ಇಟ್ಟು ಎರಡೂ ಪಟ್ಟಿ ಎಳೆದಾಗ ಇಡೀ ಜೋಡಣೆ ಒಂದನ್ನೊಂದು ಹಿಡಿದುಕೊಂಡಿತು. ಅಚ್ಚು ತೊಟ್ಟಿಯ ಹಿಂಬದಿಯಲ್ಲೇ ಇರುವುದರಿಂದ ನಿಂತವರ ಭಾರ ಮೂಕಿಯ ಮೂಲಕ ನೊಗದ ಮೇಲೆ ಬೀಳುತ್ತದೆ, ನೊಗ ಇನ್ನಷ್ಟು ಒತ್ತಿ ಕೂರುತ್ತದೆ. ಸಾರಥಿ ಈಗ ನೆಟ್ಟಗೆ ನಿಂತಿದ್ದಾನೆ.

ಮಧ್ಯೆ ಒಂದು ಮಾತು, ತಡೆಯಲಾಗುತ್ತಿಲ್ಲ: ನನ್ನ ಮುಂದಿನ ದೃಶ್ಯ ಸೀಸೆರನದು. ಒಂಬೈನೂರು ಕಬ್ಬಿಣದ ರಥಗಳ ಸೇನಾಪತಿ, ಕೀಷೋನ್ ಹಳ್ಳ, ನ್ಯಾಯಸ್ಥಾಪಕರು 4 ಮತ್ತು 5. ಹಳ್ಳ ಅವರನ್ನು ಬಡಿದುಕೊಂಡು ಹೋಯಿತೆಂದು ದೆಬೋರಳ ಹಾಡು ಹೇಳುತ್ತದೆ. ಅಂದರೆ ಕೆಸರು! ಅಚ್ಚಿನವರೆಗೆ ಹೂತ ಚಕ್ರ, ಮಂಡಿಯೂರಿದ ಕುದುರೆ, ಮೇಲೆ ರೆಸಿನ್ ನೀರು. ನೊಗ ಅರ್ಧ ಮುಳುಗಿರುವುದರಿಂದ ಅದು ಸರಿಯಾಗಿ ಕುಳಿತಿದೆಯೇ ಎಂದು ಯಾರೂ ಕೇಳುವಂತಿಲ್ಲ. ಕೆಸರಿಗೆ ಪಿಗ್ಮೆಂಟ್ ಪುಡಿ ತರಿಸಬೇಕು. ಅದಕ್ಕೆ ಬೇರೆ ಅಂಗಡಿ ಹುಡುಕುತ್ತಿದ್ದೇನೆ, ಕಾರಣ ಕೇಳಬೇಡಿ.

ಈ ಪಟ್ಟಿಗಳನ್ನೆಲ್ಲ ಕಟ್ಟುತ್ತಾ ಕುಳಿತಾಗ ಪ್ರವಾದಿಗಳ ಸಿಟ್ಟು ಅರ್ಥವಾಗತೊಡಗಿತು. ಅವರಿಗೆ ಕುದುರೆಯೆಂದರೆ ಬರಿಯ ಪ್ರಾಣಿಯಲ್ಲ, ಪರರಾಜ್ಯದ ಹಂಗು. ಅರಸನು ಕುದುರೆಗಳನ್ನು ಹೆಚ್ಚಿಸಿಕೊಳ್ಳಬಾರದು, ಅದಕ್ಕಾಗಿ ಜನರನ್ನು ಐಗುಪ್ತಕ್ಕೆ ಕಳುಹಿಸಬಾರದು ಎಂದು ಧರ್ಮೋಪದೇಶಕಾಂಡ 17 ಕಟ್ಟಪ್ಪಣೆ ಮಾಡುತ್ತದೆ. ಐಗುಪ್ತದ ಕುದುರೆಗಳು ಬರಿಯ ಮಾಂಸ, ಆತ್ಮವಲ್ಲ ಎಂದು ಯೆಶಾಯ 31 ಹಂಗಿಸುತ್ತದೆ. ಮೀಕನಂತೂ ಊರಿನ ಹೆಸರು ಹಿಡಿದೇ ಕೂಗುತ್ತಾನೆ: ಲಾಕೀಷಿನವರೇ, ರಥಕ್ಕೆ ಕುದುರೆ ಹೂಡಿರಿ! ಚೀಯೋನಿನ, ಅಂದರೆ ಯೆರೂಸಲೇಮಿನ, ಪಾಪ ಶುರುವಾದದ್ದೇ ಆ ಊರಿನಿಂದ ಎನ್ನುತ್ತಾನೆ. ಅದೇ ಲಾಕೀಷಿನ ಕೆತ್ತನೆಯಲ್ಲಿ ಅಶ್ಶೂರದ ಸೈನಿಕರು ಲೂಟಿಯ ಸಾಲಿನಲ್ಲಿ ಒಂದು ರಥವನ್ನೂ ಸಾಗಿಸುತ್ತಿದ್ದಾರೆ. ರಬ್ಷಾಕೆಯ ಮೂದಲಿಕೆ ಬರಿಯ ಬಡಾಯಿಯಲ್ಲ ಎಂದು ನನಗನ್ನಿಸುವುದು ಇದರಿಂದಲೇ. ಒಂದು ಜೋಡಿ ಕುದುರೆಯ ಹಿಂದೆ ಲಾಯ, ಮೇವು, ಚರ್ಮದವನು, ಬಡಗಿ, ವರ್ಷಗಟ್ಟಲೆ ಪಳಗಿಸುವವನು, ಎಲ್ಲರೂ ಬೇಕು. ಅವರಿಲ್ಲದ ರಾಜ್ಯಕ್ಕೆ ಎರಡು ಸಾವಿರ ಕುದುರೆ ಕೊಟ್ಟರೆ ಅವು ಮೇಯುವುದಷ್ಟೇ ಲಾಭ.

ಉಳಿದಿರುವುದು ಗಂಟೆಗಳು. ಅಶ್ಶೂರದ ಹಳೆಯ ನಗರ ನಿಮ್ರುದ್‌ನಲ್ಲಿ ಪುರಾತತ್ತ್ವಜ್ಞ ಲೇಯರ್ಡ್ ಅಗೆದಾಗ ಸಿಕ್ಕ ಕಂಚಿನ ಚಿಕ್ಕ ಗಂಟೆಗಳಂಥವನ್ನು ಕೊರಳಪಟ್ಟಿಗೆ ಪೋಣಿಸಬೇಕು. ಜೆಕರ್ಯನ ಕೊನೆಯ ಅಧ್ಯಾಯದಲ್ಲಿ ಕುದುರೆಯ ಗಂಟೆಗಳ ಮೇಲೂ 'ಯೆಹೋವನಿಗೆ ಮೀಸಲು' ಎಂದು ಬರೆದಿರುವ ದಿನವೊಂದು ಬರುತ್ತದೆ. ನನ್ನವು ಸನ್ಹೇರೀಬನ ಕುದುರೆಗಳು, ಅವಕ್ಕೆ ಬರಹದ ಕಾಟವಿಲ್ಲ. ಬೆಸುಗೆ ಸೀಸವನ್ನು ಹನಿಯಾಗಿ ಬೀಳಿಸಿ ನೋಡಿದೆ, ಉದ್ದಿನ ಕಾಳಿನಂತೆ ಚಪ್ಪಟೆಯಾಗುತ್ತಿವೆ. ಒಂದು ಮಿಲಿಮೀಟರ್ ದುಂಡು ಗಂಟೆಯನ್ನು ಯಾರಾದರೂ ಮಾಡಿದ್ದರೆ ವಿಧಾನ ತಿಳಿಸಿ. ಅಂಗಡಿಯ ವಿಳಾಸ ಮಾತ್ರ ಕೊಡಬೇಡಿ.